ವೈದ್ಯರ ವೇತನ ಏರುವ ಊರಿನಲ್ಲಿ ದಾದಿಯರ ವೇತನ ಇಳಿಯುವುದೇಕೆ?

ಆಸ್ಪತ್ರೆಯು ಸೇವಾಕ್ಷೇತ್ರವೆಂದು ಎಷ್ಟೇ ಹೇಳಿದರೂ ಅದನ್ನು ನಡೆಸುವವರ ಪಾಲಿಗೆ ಅದೂ ಆದಾಯ-ವೆಚ್ಚಗಳ ಲೆಕ್ಕವುಳ್ಳ ಒಂದು ಸಂಸ್ಥೆಯೇ ಸರಿ. ಕಟ್ಟಡಕ್ಕೆ ಬ್ಯಾಂಕ್ ಸಾಲ ದೊರೆಯುತ್ತದೆ, ಯಂತ್ರೋಪಕರಣಗಳನ್ನು ಕಂತಿನ ಮೇಲೆ ತರಬಹುದು. ಆದರೆ ತಜ್ಞ ವೈದ್ಯರನ್ನೂ ಅನುಭವಿ ದಾದಿಯರನ್ನೂ ಜಿಲ್ಲಾ ಕೇಂದ್ರಕ್ಕೋ ತಾಲ್ಲೂಕು ಪಟ್ಟಣಕ್ಕೋ ಕರೆತಂದು ಉಳಿಸಿಕೊಳ್ಳುವುದು ಇಂದು ಈ ಕ್ಷೇತ್ರದ ಅತಿ ಕಠಿಣ ಕೆಲಸವಾಗಿದೆ.

ಇವರ ವೇತನವನ್ನು ನಿರ್ಧರಿಸುವ ಅಂಶಗಳು ಮುಖ್ಯವಾಗಿ ಎರಡು: ಕೆಲಸ ಮಾಡುವ ಊರು ಮತ್ತು ಆರಿಸಿಕೊಂಡ ವಿಭಾಗ. ಈ ಎರಡೂ ವೈದ್ಯರ ಮೇಲೆ ಬೀರುವ ಪರಿಣಾಮ ಒಂದು ಬಗೆಯದಾದರೆ, ದಾದಿಯರ ಮೇಲೆ ಬೀರುವ ಪರಿಣಾಮ ಅದಕ್ಕೆ ತೀರ ವಿರುದ್ಧವಾದುದು. ಮಹಾನಗರದಿಂದ ದೂರ ಸರಿದಂತೆ ತಜ್ಞ ವೈದ್ಯರಿಗೆ ತೆರಬೇಕಾದ ಮೊತ್ತ ಹಲವು ಸಂದರ್ಭಗಳಲ್ಲಿ ಏರುತ್ತ ಹೋಗುತ್ತದೆ; ದಾದಿಯರ ಸಂಬಳ ಇಳಿಯುತ್ತ ಹೋಗುತ್ತದೆ. ಸಣ್ಣ ಊರುಗಳ ಆಸ್ಪತ್ರೆಗಳ ಅನೇಕ ತೊಂದರೆಗಳಿಗೆ ಈ ಇಮ್ಮುಖ ಚಲನೆಯೇ ಮೂಲವಾಗಿದೆ.

ಸರಕಾರಿ ಶ್ರೇಣಿ ಹೇಳುವುದೇನು?

ಹೋಲಿಕೆಗೆ ಮೊದಲು ಒಂದು ಅಳತೆಗೋಲು ಬೇಕು. 2016ರ ಜನವರಿ 1ರಿಂದ ಅನ್ವಯವಾದ ಏಳನೆಯ ಕೇಂದ್ರ ವೇತನ ಆಯೋಗದ ಶ್ರೇಣಿಯನ್ನು ಹಾಗೆ ಇಟ್ಟುಕೊಳ್ಳಬಹುದು. ಅದರಂತೆ ಕೇಂದ್ರ ಸರಕಾರದ ಆಸ್ಪತ್ರೆಗೆ ಸೇರುವ ಶುಶ್ರೂಷಾಧಿಕಾರಿಯ ಆರಂಭಿಕ ಮೂಲ ವೇತನ ರೂ. 44,900. ಎಂ.ಬಿ.ಬಿ.ಎಸ್. ಪದವಿಯ ಸಾಮಾನ್ಯ ವೈದ್ಯಾಧಿಕಾರಿಗೆ ರೂ. 56,100. ಸ್ನಾತಕೋತ್ತರ ಪದವಿ ಪಡೆದ ತಜ್ಞರಿಗೆ ರೂ. 67,700. ಖಾಸಗಿ ವೃತ್ತಿ ನಡೆಸದಿರುವುದಕ್ಕಾಗಿ ವೈದ್ಯರಿಗೆ ಮೂಲ ವೇತನದ ಶೇ. 20ರಷ್ಟು ಭತ್ಯೆ ಪ್ರತ್ಯೇಕವಾಗಿ ದೊರೆಯುತ್ತದೆ.

ಈ ಅಂಕಿಗಳಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಭತ್ಯೆಯನ್ನು ಸೇರಿಸಿದರೆ ಸಾಮಾನ್ಯ ವೈದ್ಯಾಧಿಕಾರಿಗೆ ರೂ. 67,320 ಆಗುತ್ತದೆ, ಶುಶ್ರೂಷಾಧಿಕಾರಿಯ ಮೂಲ ವೇತನ ಅದರ ಮೂರನೆಯ ಎರಡು ಭಾಗದಷ್ಟಿದೆ. ಎರಡನೆಯದು, ತಜ್ಞರಲ್ಲಿ ವಿಭಾಗವಾರು ಭೇದವಿಲ್ಲ. ಮಕ್ಕಳ ತಜ್ಞರಿಗೂ ರೇಡಿಯಾಲಜಿ ತಜ್ಞರಿಗೂ ಶ್ರೇಣಿ ಒಂದೇ. ಖಾಸಗಿ ಕ್ಷೇತ್ರದಲ್ಲಿ ಈ ಎರಡೂ ಮಾತು ನಿಲ್ಲುವುದಿಲ್ಲ.

ಊರಿನ ಭೇದವನ್ನು ಮಾತ್ರ ಸರಕಾರವೂ ಮನ್ನಿಸುತ್ತದೆ, ಆದರೆ ಅದು ನಗರದ ಪರವಾಗಿ. 2024ರ ಜನವರಿಯಿಂದ ಅನ್ವಯವಾದ ದರದಂತೆ ಮನೆ ಬಾಡಿಗೆ ಭತ್ಯೆಯು ಬೆಂಗಳೂರಿನಂಥ ಮೊದಲ ವರ್ಗದ ನಗರಗಳಲ್ಲಿ ಶೇ. 30, ಎರಡನೆಯ ವರ್ಗದ ನಗರಗಳಲ್ಲಿ ಶೇ. 20, ಉಳಿದೆಡೆ ಶೇ. 10. ಹೊಸದಾಗಿ ಸೇರಿದ ಶುಶ್ರೂಷಾಧಿಕಾರಿಗೆ ಬೆಂಗಳೂರಿಗೂ ಸಣ್ಣ ಊರಿಗೂ ತಿಂಗಳಿಗೆ ರೂ. 8,980 ವ್ಯತ್ಯಾಸವಾಗುತ್ತದೆ. ಬಾಡಿಗೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ದೂರದ ಊರಿಗೆ ಹೋಗಲು ಪ್ರೇರಣೆ ನೀಡುವ ಕ್ರಮವಂತೂ ಇದಲ್ಲ.

ವಿಭಾಗದಿಂದ ವಿಭಾಗಕ್ಕೆ

ಖಾಸಗಿ ಆಸ್ಪತ್ರೆಗಳಲ್ಲಿ ಹೃದ್ರೋಗ, ಮೂಳೆ ಚಿಕಿತ್ಸೆ, ನರ ಶಸ್ತ್ರಚಿಕಿತ್ಸೆ, ರೇಡಿಯಾಲಜಿ ಮೊದಲಾದ ವಿಭಾಗಗಳ ತಜ್ಞರು ಹೆಚ್ಚು ಗಳಿಸುತ್ತಾರೆ. ಮಕ್ಕಳ ವಿಭಾಗ, ಮನೋರೋಗ ವಿಭಾಗ, ಕುಟುಂಬ ವೈದ್ಯ ಪದ್ಧತಿಯವರು ಅವರಿಗಿಂತ ಕಡಿಮೆ. ವ್ಯಾಸಂಗದ ಅವಧಿ ಇದಕ್ಕೆ ಒಂದು ಕಾರಣ. ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಎಂ.ಡಿ. ಅಥವಾ ಎಂ.ಎಸ್.ಗೆ ಮೂರು ವರ್ಷ, ಅದರ ಮೇಲೆ ಡಿ.ಎಂ. ಅಥವಾ ಎಂ.ಸಿಎಚ್.ಗೆ ಮತ್ತೆ ಮೂರು ವರ್ಷ. ಹೃದ್ರೋಗ ತಜ್ಞರಾಗಲು ಹನ್ನೊಂದೂವರೆ ವರ್ಷ ಓದಬೇಕು. ಆದರೆ ರೇಡಿಯಾಲಜಿ ತಜ್ಞರೂ ಮನೋವೈದ್ಯರೂ ಓದುವ ಅವಧಿ ಒಂದೇ ಆಗಿದ್ದು, ಗಳಿಕೆ ಮಾತ್ರ ಬೇರೆ. ಆದುದರಿಂದ ಓದಿನ ಅವಧಿಯೊಂದೇ ಉತ್ತರವಲ್ಲ.

ಮುಖ್ಯ ಕಾರಣ ಬಿಲ್ಲಿನ ರಚನೆಯಲ್ಲಿದೆ. ಆಸ್ಪತ್ರೆಯ ಬಿಲ್ಲು ಎಣಿಸಬಹುದಾದ ಕೆಲಸಕ್ಕೆ ಬೆಲೆ ಕಟ್ಟುತ್ತದೆ. ಒಂದು ಸ್ಟೆಂಟ್ ಅಳವಡಿಕೆ, ಒಂದು ಮಂಡಿ ಬದಲಾವಣೆ, ಒಂದು ಎಂ.ಆರ್.ಐ. ಪರೀಕ್ಷೆ ಇವು ಎಣಿಕೆಗೆ ಸಿಗುತ್ತವೆ. ಮಗುವಿನ ತಾಯಿಯೊಡನೆ ಅರ್ಧ ಗಂಟೆ ಮಾತನಾಡಿ ಅನಗತ್ಯ ಔಷಧವನ್ನು ತಪ್ಪಿಸಿದ್ದು ಎಣಿಕೆಗೆ ಸಿಗುವುದಿಲ್ಲ. ಅದಕ್ಕೆ ಒಂದು ಸಮಾಲೋಚನಾ ಶುಲ್ಕವಷ್ಟೇ. ದೊಡ್ಡ ಆಸ್ಪತ್ರೆಗಳಲ್ಲಿ ತಜ್ಞರಿಗೆ ಶುದ್ಧ ಸಂಬಳಕ್ಕಿಂತ 'ಮಿನಿಮಮ್ ಗ್ಯಾರಂಟಿ' ಮತ್ತು ಶುಲ್ಕದ ಪಾಲು ಎಂಬ ಪದ್ಧತಿ ಬಳಕೆಯಲ್ಲಿರುವುದರಿಂದ ಈ ಅಂತರ ನೇರವಾಗಿ ವೈದ್ಯರ ಕೈಗೆ ತಲಪುತ್ತದೆ.

ಯುವ ವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ಸ್ನಾತಕೋತ್ತರ ಪ್ರವೇಶದಲ್ಲಿ ಉನ್ನತ ರ್‍ಯಾಂಕಿನವರು ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ವಿಭಾಗಗಳನ್ನು ಮೊದಲು ಆರಿಸಿಕೊಳ್ಳುತ್ತಾರೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದಂಥ ವಿಷಯಗಳ ಸೀಟುಗಳು ಖಾಲಿ ಉಳಿಯುತ್ತವೆ. ಉಳಿದ ಸೀಟುಗಳನ್ನು ತುಂಬುವ ಸಲುವಾಗಿ 2023ರಲ್ಲಿ ನೀಟ್-ಪಿ.ಜಿ. ಅರ್ಹತಾ ಮಟ್ಟವನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಬೇಕಾಯಿತು. ಮುಂದಿನ ಪೀಳಿಗೆಯ ವೈದ್ಯರಿಗೆ ಪಾಠ ಹೇಳುವವರ ವಿಷಯಗಳಿಗೇ ಬೇಡಿಕೆಯಿಲ್ಲದಿರುವುದು ಚಿಂತೆಗೆ ಎಡೆಮಾಡುವ ಸಂಗತಿ.

ಊರಿನಿಂದ ಊರಿಗೆ

ಸಮುದಾಯ ಆರೋಗ್ಯ ಕೇಂದ್ರವೆಂದರೆ ಬಯಲು ಪ್ರದೇಶದಲ್ಲಿ 1,20,000 ಜನಸಂಖ್ಯೆಗೆ ಒಂದರಂತೆ ಇರಬೇಕಾದ 30 ಹಾಸಿಗೆಗಳ ಆಸ್ಪತ್ರೆ. ಅಲ್ಲಿ ಶಸ್ತ್ರಚಿಕಿತ್ಸಕರು, ವೈದ್ಯಶಾಸ್ತ್ರ ತಜ್ಞರು, ಪ್ರಸೂತಿ ತಜ್ಞರು, ಮಕ್ಕಳ ತಜ್ಞರು ಇರಬೇಕೆಂಬುದು ನಿಯಮ. ಕೇಂದ್ರ ಆರೋಗ್ಯ ಸಚಿವಾಲಯದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳಂತೆ ದೇಶದ ಈ ಕೇಂದ್ರಗಳಲ್ಲಿ ಅಗತ್ಯಕ್ಕೆ ಹೋಲಿಸಿದರೆ ತಜ್ಞರ ಕೊರತೆ ಶೇ. 79.5. ಅಂದರೆ ಐದು ಜನ ಇರಬೇಕಾದಲ್ಲಿ ಒಬ್ಬರು.

ಕರ್ನಾಟಕದಲ್ಲಿ ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಇಂಥ ತಾಲ್ಲೂಕಿಗೆ ತಜ್ಞರೊಬ್ಬರು ಬರಲು ಹಿಂದೇಟು ಹಾಕುವುದು ಹಣದ ಕಾರಣಕ್ಕೆ ಮಾತ್ರವಲ್ಲ. ಮಕ್ಕಳ ಶಾಲೆ, ಪತಿ ಅಥವಾ ಪತ್ನಿಯ ಉದ್ಯೋಗ, ವಾಸದ ಮನೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ತಜ್ಞರೊಬ್ಬರೇ ಬಂದು ಪ್ರಯೋಜನವಿಲ್ಲ. ಪ್ರಸೂತಿ ತಜ್ಞೆ ಇದ್ದೂ ಅರಿವಳಿಕೆ ತಜ್ಞರಿಲ್ಲದಿದ್ದರೆ ಸಿಸೇರಿಯನ್ ಮಾಡಲಾಗದು. ತುಂಬು ಗರ್ಭಿಣಿಯನ್ನು ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಆದುದರಿಂದಲೇ ಸಣ್ಣ ಊರುಗಳಲ್ಲಿ ಅರಿವಳಿಕೆ ತಜ್ಞರಿಗೆ ವಿಶೇಷ ಬೇಡಿಕೆ. ಅವರು ಒಂದೇ ಆಸ್ಪತ್ರೆಗೆ ಕಟ್ಟುಬೀಳದೆ, ಪ್ರತಿ ಶಸ್ತ್ರಚಿಕಿತ್ಸೆಗೆ ಇಂತಿಷ್ಟೆಂದು ಶುಲ್ಕ ಪಡೆದು ನಾಲ್ಕಾರು ನರ್ಸಿಂಗ್ ಹೋಂಗಳಲ್ಲಿ ಕೆಲಸ ಮಾಡುವುದುಂಟು.

ಈ ಕೊರತೆಯೇ ತಜ್ಞರ ಬೆಲೆಯನ್ನು ಏರಿಸುತ್ತದೆ. ಸರಕಾರವೂ ಇದನ್ನು ಒಪ್ಪಿಕೊಂಡಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 'ನೀವು ಹೇಳಿ, ನಾವು ಕೊಡುತ್ತೇವೆ' ಎಂಬ ತತ್ತ್ವದ ಮೇಲೆ, ತಜ್ಞರೇ ತಮ್ಮ ವೇತನವನ್ನು ಸೂಚಿಸಲು ರಾಜ್ಯಗಳು ಅವಕಾಶ ನೀಡಬಹುದಾಗಿದೆ. ಇನ್ನೊಂದು ಕಡೆ ಕರ್ನಾಟಕವು 2012ರ ಕಾಯ್ದೆಯ ಮೂಲಕ, ವೈದ್ಯ ಪದವಿ ಪೂರೈಸಿದವರು ಒಂದು ವರ್ಷ ಸರಕಾರಿ ಸೇವೆ ಸಲ್ಲಿಸಬೇಕೆಂದು ವಿಧಿಸಿತು. ಅದಕ್ಕೆ ಮುಂದೆ ತಿದ್ದುಪಡಿಗಳೂ ಆದವು. ಕಡ್ಡಾಯದಿಂದ ಒಂದು ವರ್ಷ ದೊರೆಯಬಹುದು. ಎರಡನೆಯ ವರ್ಷವೂ ಆ ವೈದ್ಯರು ಅಲ್ಲೇ ಉಳಿಯಬೇಕಾದರೆ ಬೇರೆ ಆಕರ್ಷಣೆ ಬೇಕು.

ದಾದಿಯರ ಲೆಕ್ಕ ಬೇರೆ

ದಾದಿಯರ ವಿಷಯದಲ್ಲಿ ಕೊರತೆಯು ಬೆಲೆಯನ್ನು ಏರಿಸುತ್ತಿಲ್ಲ. ಇದಕ್ಕೂ ಕಾರಣವನ್ನು ಬಿಲ್ಲಿನಲ್ಲೇ ಹುಡುಕಬೇಕು. ಖಾಸಗಿ ಬಿಲ್ಲಿನಲ್ಲಿ ಶಸ್ತ್ರಚಿಕಿತ್ಸಕರಿಗೆ ಒಂದು ಸಾಲು, ಅರಿವಳಿಕೆ ತಜ್ಞರಿಗೆ ಒಂದು ಸಾಲು ಇರುತ್ತದೆ. ದಾದಿಯ ಹೆಸರಿಗೆ ಸಾಲಿಲ್ಲ. 'ನರ್ಸಿಂಗ್ ಶುಲ್ಕ' ಎಂದು ಬರೆದ ಕಡೆಯೂ ಅದು ಆಸ್ಪತ್ರೆಯ ಖಾತೆಗೆ ಸೇರುವ ಮೊತ್ತ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜ್ ದರದಲ್ಲಿಯೂ ಹಾಸಿಗೆ, ಊಟ, ಶುಶ್ರೂಷೆ ಎಲ್ಲವೂ ಒಟ್ಟು ಮೊತ್ತದೊಳಗೆ ಅಡಗಿವೆ. ಹೀಗಾಗಿ ಮಾಲೀಕರ ಕಣ್ಣಿಗೆ ವೈದ್ಯರು ಆದಾಯದ ಮೂಲವಾಗಿಯೂ ದಾದಿಯರು ಖರ್ಚಿನ ಬಾಬ್ತಾಗಿಯೂ ಕಾಣುತ್ತಾರೆ.

ವಿಭಾಗವೂ ಅವರಿಗೆ ಹೆಚ್ಚು ನೆರವಾಗುವುದಿಲ್ಲ. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್ ವಿಭಾಗಗಳಲ್ಲಿ ಪಳಗಿದ ದಾದಿಗೆ ಸಾಮಾನ್ಯ ವಾರ್ಡಿನವರಿಗಿಂತ ಸ್ವಲ್ಪ ಹೆಚ್ಚು ದೊರೆತೀತು. ವೈದ್ಯರಲ್ಲಿ ಕಾಣುವ ಅಂತರ ಇಲ್ಲಿಲ್ಲ. ಊರು ಸಣ್ಣದಾದಷ್ಟು ಕೆಲಸ ಕೊಡುವ ಆಸ್ಪತ್ರೆಗಳು ಕಡಿಮೆ, ಹಾಗಾಗಿ ಚೌಕಾಸಿ ಮಾಡುವ ಶಕ್ತಿಯೂ ಕಡಿಮೆ. ರಾಜ್ಯದ ಕನಿಷ್ಠ ವೇತನ ಅಧಿಸೂಚನೆಗಳೂ ವಲಯವಾರು ದರ ನಿಗದಿಪಡಿಸುತ್ತ, ಬೆಂಗಳೂರಿನಿಂದ ಕೆಳಕ್ಕೆ ಇಳಿಯುತ್ತ ಬಂದಿವೆ.

ನ್ಯಾಯಾಲಯದ ಗಮನಕ್ಕೂ ಈ ವಿಷಯ ಬಂದಿದೆ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ನಿರ್ದೇಶನದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿಯು ಅದೇ ವರ್ಷ ಶಿಫಾರಸು ಸಲ್ಲಿಸಿತು. 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ರಾಜ್ಯ ಸರಕಾರದ ದಾದಿಯರಿಗೆ ಸಮನಾದ ವೇತನ. 100ರಿಂದ 200 ಹಾಸಿಗೆಗಳಲ್ಲಿ ಅದಕ್ಕಿಂತ ಶೇ. 10ಕ್ಕೆ ಮೀರದ ಕಡಿತ. 50ರಿಂದ 100 ಹಾಸಿಗೆಗಳಲ್ಲಿ ಶೇ. 25ಕ್ಕೆ ಮೀರದ ಕಡಿತ. 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೆ ತಿಂಗಳಿಗೆ ಕನಿಷ್ಠ ರೂ. 20,000. ಇದನ್ನು ಕಾರ್ಯರೂಪಕ್ಕೆ ತರುವ ಹೊಣೆ ರಾಜ್ಯಗಳದಾಯಿತು. ದಾದಿಯರ ಸಂಘಟಿತ ಹೋರಾಟದ ಬಳಿಕ ಕೇರಳವು 2018ರ ಏಪ್ರಿಲ್‌ನಲ್ಲಿ ಖಾಸಗಿ ಆಸ್ಪತ್ರೆಗಳ ದಾದಿಯರಿಗೆ ರೂ. 20,000 ಕನಿಷ್ಠ ವೇತನವನ್ನು ಅಧಿಸೂಚಿಸಿತು.

ಕಡಿಮೆ ಸಂಬಳದ ಪರಿಣಾಮ ಬೇಗನೆ ಕಾಣುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸಕ್ಕೆ ಸಾಮಾನ್ಯವಾಗಿ ಎರಡು ವರ್ಷಗಳ ಅನುಭವ ಕೇಳುತ್ತಾರೆ. ತಾಲ್ಲೂಕು ಪಟ್ಟಣದ ಆಸ್ಪತ್ರೆಯಲ್ಲಿ ಸೂಜಿ ಹಿಡಿಯಲು ಕಲಿತ ಯುವತಿ ಆ ಅವಧಿ ಮುಗಿಯುತ್ತಲೇ ಬೆಂಗಳೂರು, ಮಂಗಳೂರಿಗೋ ವಿದೇಶಕ್ಕೋ ಹೊರಡುತ್ತಾಳೆ. ಆಸ್ಪತ್ರೆ ಮತ್ತೆ ಹೊಸಬರಿಂದ ಆರಂಭಿಸಬೇಕು.

ಇತರೆಡೆಯ ಎರಡು ಉದಾಹರಣೆಗಳು

ಈ ಎರಡು ಅಂತರಗಳನ್ನು ಬೇರೆಡೆ ಹೇಗೆ ನಿಭಾಯಿಸಿದ್ದಾರೆಂಬುದು ಉಪಯುಕ್ತ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಹಿರಿಯ ತಜ್ಞರಿಗೆ ವಿಭಾಗ ಯಾವುದೇ ಇರಲಿ, ವೇತನ ಶ್ರೇಣಿ ಒಂದೇ. ದಾದಿಯರಿಗೂ ರಾಷ್ಟ್ರಮಟ್ಟದ ಏಕರೂಪ ಶ್ರೇಣಿಯಿದ್ದು, ಲಂಡನ್ನಿನ ಒಳಭಾಗದಲ್ಲಿ ಕೆಲಸ ಮಾಡುವವರಿಗೆ ಜೀವನವೆಚ್ಚದ ಸಲುವಾಗಿ ಮೂಲ ವೇತನದ ಶೇ. 20ರಷ್ಟು, ನಿಗದಿತ ಮಿತಿಗೊಳಪಟ್ಟು, ಹೆಚ್ಚುವರಿ ದೊರೆಯುತ್ತದೆ. ಊರಿನ ಭೇದಕ್ಕೆ ಒಂದು ಲೆಕ್ಕವಿದೆ, ಅದು ಎಲ್ಲರಿಗೂ ತಿಳಿದಿದೆ.

ನಮ್ಮ ದೇಶದಲ್ಲೇ ಛತ್ತೀಸಗಢವು 2009-10ರ ಸುಮಾರಿಗೆ ಗ್ರಾಮೀಣ ವೈದ್ಯಕೀಯ ಪಡೆಯೆಂಬ ಯೋಜನೆಯನ್ನು ಆರಂಭಿಸಿತು. ಆಸ್ಪತ್ರೆಗಳನ್ನು ಸಾಮಾನ್ಯ, ಕಷ್ಟಕರ, ಅತಿ ಕಷ್ಟಕರ, ದುರ್ಗಮವೆಂದು ವರ್ಗೀಕರಿಸಿ, ದೂರಕ್ಕೆ ತಕ್ಕಂತೆ ಪ್ರೋತ್ಸಾಹಧನ ನೀಡಿತು. ಗಮನಿಸಬೇಕಾದುದೆಂದರೆ, ಆ ಯೋಜನೆಯು ವೈದ್ಯರನ್ನಷ್ಟೇ ಅಲ್ಲದೆ ದಾದಿಯರನ್ನೂ ಒಳಗೊಂಡಿತು.

ಲೆಕ್ಕ ಹಾಕಿ ನೋಡಿದರೆ

ದಾದಿಯರ ಸಂಬಳ ಹೆಚ್ಚಿಸಿದರೆ ಸಣ್ಣ ಆಸ್ಪತ್ರೆ ಉಳಿಯದೆಂಬ ಮಾತು ಆಗಾಗ ಕೇಳಿಬರುತ್ತದೆ. ಒಂದು ಉದಾಹರಣೆಯಿಂದ ಅದನ್ನು ಪರೀಕ್ಷಿಸಬಹುದು. 30 ಹಾಸಿಗೆಗಳ ಆಸ್ಪತ್ರೆಯಲ್ಲಿ ಆರು ಹಾಸಿಗೆಗೆ ಒಬ್ಬರಂತೆ ಯಾವ ಹೊತ್ತಿನಲ್ಲೂ ಐವರು ದಾದಿಯರಿರಬೇಕೆಂದು ಇಟ್ಟುಕೊಳ್ಳೋಣ. ಮೂರು ಪಾಳಿ, ವಾರದ ರಜೆ, ಇತರ ರಜೆಗಳನ್ನು ಸೇರಿಸಿದರೆ ಒಂದು ಸ್ಥಾನಕ್ಕೆ ನಾಲ್ವರು ಬೇಕು. ಒಟ್ಟು ಇಪ್ಪತ್ತು ಮಂದಿ. ಪ್ರತಿಯೊಬ್ಬರಿಗೆ ತಿಂಗಳಿಗೆ ರೂ. 5,000 ಹೆಚ್ಚಿಸಿದರೆ ತಗಲುವ ವೆಚ್ಚ ಒಂದು ಲಕ್ಷ ರೂಪಾಯಿ. ಶೇ. 70ರಷ್ಟು ಹಾಸಿಗೆಗಳು ತುಂಬಿದ್ದರೆ ತಿಂಗಳಿಗೆ 630 ಹಾಸಿಗೆ-ದಿನಗಳಾಗುತ್ತವೆ. ಹಾಸಿಗೆಯೊಂದಕ್ಕೆ ದಿನಕ್ಕೆ ಬೀಳುವ ಹೊರೆ ಸುಮಾರು ರೂ. 160. ಭವಿಷ್ಯ ನಿಧಿಯಂಥ ಶಾಸನಬದ್ಧ ವಂತಿಗೆಗಳನ್ನು ಸೇರಿಸಿದರೂ ಇದು ಹೊರಲಾಗದ ಭಾರವೇನಲ್ಲ.

ಇದಕ್ಕೆ ಪ್ರತಿಯಾಗಿ ದೊರೆಯುವುದನ್ನೂ ತೂಗಬೇಕು. ಹೆಚ್ಚು ಹಣ ತೆತ್ತು ಕರೆತಂದ ಶಸ್ತ್ರಚಿಕಿತ್ಸಕರು ತಮ್ಮ ರೋಗಿಯನ್ನು ರಾತ್ರಿಯಿಡೀ ಒಪ್ಪಿಸಿ ಹೋಗುವುದು ದಾದಿಯರ ಕೈಗೆ. ನಾಡಿಯ ಗತಿ ತಪ್ಪಿದ್ದನ್ನೂ ಗಾಯದಲ್ಲಿ ರಕ್ತ ಒಸರಿದ್ದನ್ನೂ ಮೊದಲು ಕಾಣುವವರು ಅವರೇ. ಆ ಕೈ ಆರು ತಿಂಗಳಿಗೊಮ್ಮೆ ಬದಲಾಗುವಲ್ಲಿ ಒಳ್ಳೆಯ ತಜ್ಞರು ಬಹುಕಾಲ ನಿಲ್ಲುವುದಿಲ್ಲ. ವೈದ್ಯರನ್ನು ಉಳಿಸಿಕೊಳ್ಳಲು ಬಯಸುವ ಸಣ್ಣ ಊರಿನ ಆಸ್ಪತ್ರೆಯು ಮೊದಲು ದಾದಿಯರನ್ನು ಉಳಿಸಿಕೊಳ್ಳಬೇಕು.

ನಿಯಮಿತ ವಾರ್ಷಿಕ ಬಡ್ತಿ, ಸುರಕ್ಷಿತ ವಸತಿ, ರಾತ್ರಿ ಪಾಳಿಗೆ ಭತ್ಯೆ, ತೀವ್ರ ನಿಗಾ ಘಟಕದ ತರಬೇತಿ ಪಡೆದವರಿಗೆ ಪ್ರತ್ಯೇಕ ಶ್ರೇಣಿ, ಇವು ದೊಡ್ಡ ಬಂಡವಾಳ ಬೇಡುವ ಕ್ರಮಗಳಲ್ಲ. ಆಸ್ಪತ್ರೆಯ ಯೋಜನಾ ವರದಿ ಸಿದ್ಧಪಡಿಸುವಾಗ ಯಂತ್ರೋಪಕರಣಗಳ ಪಟ್ಟಿಗೆ ನೀಡುವಷ್ಟೇ ಗಮನವನ್ನು ಈ ಪುಟಕ್ಕೂ ನೀಡುವುದು ಲೇಸು.