ಮುಖ, ಕಾಯಕ, ನೆಲ: ಕೂಡಲಸಂಗಮದ ಸೀಮೆಯಲ್ಲಿ ಭಾವಚಿತ್ರದ ಕಲಿಕೆ

ಭಾವಚಿತ್ರ ಛಾಯಾಗ್ರಹಣವೆಂದರೆ ವ್ಯಕ್ತಿಯೊಬ್ಬರ ಮುಖಚಹರೆಯನ್ನು ದಾಖಲಿಸುವುದರ ಜೊತೆಗೆ ಅವರ ಸ್ವಭಾವ, ದುಡಿಮೆ ಮತ್ತು ಪರಿಸರವನ್ನೂ ನೋಡುಗರಿಗೆ ಮುಟ್ಟಿಸುವ ಕಲೆ. ಸ್ಟುಡಿಯೋದಲ್ಲಿ ಬೆಳಕು, ಹಿನ್ನೆಲೆ, ಭಂಗಿ ಎಲ್ಲವೂ ಛಾಯಾಗ್ರಾಹಕರ ಹಿಡಿತದಲ್ಲಿರುವುದರಿಂದ ಅಲ್ಲಿ ಕಲಿಯುವುದು ಹೆಚ್ಚಾಗಿ ಉಪಕರಣಗಳ ಬಳಕೆಯನ್ನು; ಪ್ರವಾಸದಲ್ಲಾದರೋ ಬೆಳಕು ಗಳಿಗೆಗೊಮ್ಮೆ ಬದಲಾಗುತ್ತದೆ, ಎದುರಿಗಿರುವವರು ಅಪರಿಚಿತರಾಗಿರುತ್ತಾರೆ, ಅವರಿಗೆ ತಮ್ಮ ಕೆಲಸದ ಅವಸರವಿರುತ್ತದೆ, ಚಿತ್ರಕ್ಕೆ ಒಪ್ಪುವುದೂ ಬಿಡುವುದೂ ಅವರ ಇಚ್ಛೆಗೆ ಸೇರಿರುತ್ತದೆ. ಈ ಅನಿಶ್ಚಿತತೆಯೇ ಪ್ರವಾಸವನ್ನು ಭಾವಚಿತ್ರದ ಪಾಠಶಾಲೆಯನ್ನಾಗಿ ಮಾಡುತ್ತದೆ. ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ ಮತ್ತು ಕೂಡಲಸಂಗಮಗಳನ್ನು ಸುತ್ತುವ ಕೆಲವೇ ದಿನಗಳ ದಾರಿಯಲ್ಲಿ ಬಂಡೆ, ಮಗ್ಗ ಮತ್ತು ನದಿ ಮೂರೂ ಎದುರಾಗುತ್ತವೆ; ಈ ಮೂರೂ ಕಡೆ ಕಲಿಯಬೇಕಾದ ಪಾಠಗಳು ಬೇರೆಬೇರೆಯಾದರೂ ಅವೆಲ್ಲ ಬೆಟ್ಟು ಮಾಡುವುದು ಒಂದೇ ಸಂಗತಿಯನ್ನು: ವ್ಯಕ್ತಿಯನ್ನು ಎಷ್ಟರಮಟ್ಟಿಗೆ ಅರಿತಿದ್ದೇವೋ ಅಷ್ಟರಮಟ್ಟಿಗೆ ಮಾತ್ರ ಆ ವ್ಯಕ್ತಿಯ ಚಿತ್ರ ನಿಜವಾಗುತ್ತದೆ.

ಕಲ್ಲಿಗಾಗಿ ಬಂದ ಕ್ಯಾಮೆರಾ

ಈ ಸೀಮೆಗೆ ಕ್ಯಾಮೆರಾ ಬಂದದ್ದು ಜನರನ್ನು ಅರಸಿಕೊಂಡಲ್ಲ. ಬಾಂಬೆ ಪ್ರಾಂತ್ಯದ ಸರ್ಕಾರವು ಪ್ರಾಚೀನ ಕಟ್ಟಡಗಳ ದಾಖಲಾತಿಗಾಗಿ 1855ರಲ್ಲಿ ನೇಮಿಸಿದ ಸೇನಾಧಿಕಾರಿ ಥಾಮಸ್ ಬಿಗ್ಸ್ ಅವರು ವಿಜಯಪುರ, ಬಾದಾಮಿ, ಐಹೊಳೆಗಳ ಸ್ಮಾರಕಗಳ ಚಿತ್ರಗಳನ್ನು ತೆಗೆದರು. ಬಿಗ್ಸ್ ಹಾಗೂ ಅವರಂತೆಯೇ ಸ್ಮಾರಕಗಳನ್ನು ಚಿತ್ರಿಸಿದ ಪಿಗೌ ಮತ್ತು ನೀಲ್ ತೆಗೆದ ಛಾಯಾಚಿತ್ರಗಳನ್ನೊಳಗೊಂಡು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಸಂಪುಟವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಕಾಲದ ಪುರಾತತ್ವ ಛಾಯಾಚಿತ್ರಗಳಲ್ಲಿ ಕಂಬವೊಂದರ ಪಕ್ಕದಲ್ಲಿಯೋ ಬಾಗಿಲುವಾಡದ ಬುಡದಲ್ಲಿಯೋ ಒಬ್ಬ ಸ್ಥಳೀಯನನ್ನು ನಿಲ್ಲಿಸುವ ರೂಢಿಯಿತ್ತು. ಅವನು ಅಲ್ಲಿರುತ್ತಿದ್ದುದು ಕಟ್ಟಡದ ಎತ್ತರವನ್ನು ತೋರಿಸುವ ಅಳತೆಗೋಲಾಗಿ. ಅವನ ಹೆಸರನ್ನು ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನೇ ವಿಷಯವಾಗಿ ಎತ್ತಿಕೊಂಡಿತಾದರೂ, ಅಲ್ಲಿ ವ್ಯಕ್ತಿಗಳು ತಂತಮ್ಮ ಜಾತಿಯ, ಬುಡಕಟ್ಟಿನ ಮಾದರಿಗಳಾಗಿಯೇ ನಿಂತರು. ಇಂದಿನ ಪ್ರವಾಸಿ ಛಾಯಾಗ್ರಾಹಕರು ಬಣ್ಣಬಣ್ಣದ ಉಡುಗೆ ತೊಟ್ಟ ಮುದುಕರನ್ನು ಹುಡುಕಿ, ದೂರದಿಂದ ಕ್ಲಿಕ್ಕಿಸಿ ಮುಂದೆ ಸಾಗಿದರೆ ಆ ಹಳೆಯ ದೃಷ್ಟಿಯನ್ನೇ ಹೊಸ ಉಪಕರಣದಿಂದ ಮುಂದುವರಿಸಿದಂತಾಗುತ್ತದೆ. ಮನುಷ್ಯರನ್ನು ಅಳತೆಗೋಲಿನ ಜಾಗದಿಂದ ಚಿತ್ರದ ನಡುವಿಗೆ ತರುವುದು ಈ ನೆಲದಲ್ಲಿ ಭಾವಚಿತ್ರ ಕಲಿಯುವವರ ಮೊದಲ ಹೊಣೆ.

ಬಾದಾಮಿ: ನೆರಳನ್ನು ಓದುವುದು

ಬಾದಾಮಿಯು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಮೊದಲ ವಾರ ಹಾಗೂ ಆಗಸ್ಟ್ ಎರಡನೆಯ ವಾರದ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಮೇಲಿನಿಂದ ಬೀಳುವ ಬಿಸಿಲು ಹಣೆಯನ್ನೂ ಮೂಗಿನ ತುದಿಯನ್ನೂ ಬೆಳಗಿಸಿ ಕಣ್ಣುಗುಳಿಗಳನ್ನು ಕತ್ತಲಾಗಿಸುತ್ತದೆ. ಕಣ್ಣು ಕಾಣದ ಭಾವಚಿತ್ರ ನೋಡುಗರೊಡನೆ ಮಾತನಾಡುವುದಿಲ್ಲ. ಇದಕ್ಕೆ ಪರಿಹಾರ ದುಬಾರಿ ದೀಪವಲ್ಲ, ಒಳ್ಳೆಯ ನೆರಳು. ಅದನ್ನು ಕಲಿಸಲು ಬಾದಾಮಿಯ ಗುಹಾಲಯಗಳಿಗಿಂತ ಮಿಗಿಲಾದ ಜಾಗ ದೊರೆಯುವುದು ಕಷ್ಟ. ಚಾಲುಕ್ಯರ ಮಂಗಳೇಶನು ಬರೆಸಿದ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯೂ ಸೇರಿದಂತೆ ಇಲ್ಲಿನ ಗುಹೆಗಳು ಉತ್ತರಕ್ಕೆ ಮುಖಮಾಡಿರುವುದರಿಂದ ವರ್ಷದ ಬಹುಪಾಲು ದಿನಗಳಲ್ಲಿ ಅವುಗಳ ಮೊಗಸಾಲೆಗೆ ನೇರ ಬಿಸಿಲು ನುಗ್ಗುವುದಿಲ್ಲ. ಬಯಲಿನಿಂದ ಮತ್ತು ಆಕಾಶದಿಂದ ಹರಡಿಕೊಂಡು ಬರುವ ಮೃದುವಾದ ಬೆಳಕು ಮಾತ್ರ ಒಳಗೆ ಇಳಿಯುತ್ತದೆ. ಛಾಯಾಗ್ರಾಹಕರು ತೆರೆದ ನೆರಳು ಎಂದು ಕರೆಯುವುದು ಇದನ್ನೇ. ವ್ಯಕ್ತಿಯನ್ನು ಹೊರಗಿನ ಕಡೆಗೆ ಮುಖಮಾಡಿಸಿ, ಛಾವಣಿಯ ಅಂಚಿನಿಂದ ಎರಡು ಹೆಜ್ಜೆ ಒಳಕ್ಕೆ ನಿಲ್ಲಿಸಿದರೆ ಮೇಲಿನ ಬೆಳಕು ತಡೆಯಲ್ಪಟ್ಟು ಮುಂದಿನ ಬೆಳಕು ಉಳಿಯುತ್ತದೆ, ಕಣ್ಣಿನಲ್ಲಿ ಹೊರಗಿನ ಆಕಾಶದ ಸಣ್ಣ ಹೊಳಪೊಂದು ಮೂಡುತ್ತದೆ, ಹಿಂದಿನ ಕತ್ತಲು ತಾನಾಗಿಯೇ ಹಿನ್ನೆಲೆಯಾಗುತ್ತದೆ.

ಜನರೆದುರು ಕ್ಯಾಮೆರಾ ಹಿಡಿಯುವ ಮುನ್ನ ಈ ಗುಹೆಗಳ ಶಿಲ್ಪಗಳನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳಬಹುದು. ಮೂರನೆಯ ಗುಹೆಯ ಕಂಬಗಳ ಮೇಲ್ಭಾಗದಲ್ಲಿರುವ ದಂಪತಿ ಶಿಲ್ಪಗಳ ಕೆನ್ನೆ, ತುಟಿ, ರೆಪ್ಪೆಗಳ ಮೇಲೆ ಬೆಳಿಗ್ಗೆ ಬೀಳುವ ನೆರಳಿಗೂ ಸಂಜೆ ಬೀಳುವ ನೆರಳಿಗೂ ಇರುವ ವ್ಯತ್ಯಾಸವನ್ನು ಗಮನಿಸಿದವರಿಗೆ, ಜೀವಂತ ಮುಖವನ್ನು ಯಾವ ಕಡೆಗೆ ಎಷ್ಟು ತಿರುಗಿಸಬೇಕೆಂಬುದು ಬಾಯಿಪಾಠವಿಲ್ಲದೆಯೇ ತಿಳಿಯುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಎಂಬ ಮೂರು ಕಾಲಿನ ಆಸರೆಯನ್ನು ಬಳಸಲು ಪ್ರತ್ಯೇಕ ಅನುಮತಿ ಬೇಕಾಗುವುದರಿಂದ, ಕೈಯಲ್ಲೇ ಹಿಡಿದು ಅಲುಗದಂತೆ ತೆಗೆಯುವ ಅಭ್ಯಾಸವೂ ಇಲ್ಲಿ ಅನಿವಾರ್ಯವಾಗಿ ಬೆಳೆಯುತ್ತದೆ.

ಬೆಳಕಿನ ಪ್ರಮಾಣವನ್ನು ಅಳೆಯುವ ವಿದ್ಯೆ ಅದರ ಮುಂದಿನ ಹಂತ. ಕ್ಯಾಮೆರಾದ ಒಳಗಿರುವ ಬೆಳಕಿನ ಮಾಪಕವು ತನ್ನೆದುರಿನ ದೃಶ್ಯವನ್ನು ನಡುಮಟ್ಟದ ಬೂದುಬಣ್ಣವೆಂದೇ ಭಾವಿಸಿ ಲೆಕ್ಕ ಹಾಕುತ್ತದೆ. ಹೀಗಾಗಿ ಬಿಳಿಯ ಪಟಗ ಸುತ್ತಿ, ಬಿಳಿಯ ಅಂಗಿ, ಧೋತರ ತೊಟ್ಟ ಹಿರಿಯರೊಬ್ಬರು ಎದುರಿಗಿದ್ದಾಗ ಅದು ಬಿಳಿಯನ್ನು ತಗ್ಗಿಸಲು ಹೋಗಿ ಬಿಸಿಲಿಗೆ ಕಂದಿದ ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಪಟಗಕ್ಕಲ್ಲದೆ ಕೆನ್ನೆಗೆ ಬೆಳಕನ್ನು ಅಳೆದು, ಬಿಳಿಯ ಮಡಿಕೆಗಳು ಅಳಿಸಿಹೋಗದಷ್ಟು ಮಾತ್ರ ಏರಿಸಿದಾಗ ಚರ್ಮದ ನಿಜವಾದ ಬಣ್ಣ ಉಳಿಯುತ್ತದೆ. ಕಪ್ಪು ಮೈಬಣ್ಣವನ್ನು ತಿದ್ದಿ ಬೆಳ್ಳಗಾಗಿಸುವ ಮೊಬೈಲ್ ತಂತ್ರಾಂಶಗಳ ಈ ದಿನಗಳಲ್ಲಿ ಇದು ತಂತ್ರದ ವಿಷಯವಷ್ಟೇ ಅಲ್ಲ, ಎದುರಿಗಿರುವವರ ಘನತೆಯ ವಿಷಯವೂ ಹೌದು.

ಬಾದಾಮಿಯಲ್ಲಿ ಮತ್ತು ಸಮೀಪದ ಬನಶಂಕರಿಯಲ್ಲಿ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಗಡಿಗೆಯ ಮೊಸರುಗಳನ್ನು ತಂದು ಮಾರುವ ಮಹಿಳೆಯರು ಪ್ರವಾಸಿಗರ ಕ್ಯಾಮೆರಾಗಳಿಗೆ ಮತ್ತೆಮತ್ತೆ ಗುರಿಯಾಗುವವರು. ಅವರ ವ್ಯಾಪಾರದ ಹೊತ್ತಿನಲ್ಲಿ ಗಿರಾಕಿಗಳ ನಡುವೆ ಅಡ್ಡ ನಿಲ್ಲುವುದಕ್ಕಿಂತ, ಕುಳಿತು ಊಟ ಮಾಡಿ, ಯಾವ ಊರಿನಿಂದ ಬರುತ್ತಾರೆ, ಎಷ್ಟು ಹೊತ್ತಿಗೆ ರೊಟ್ಟಿ ಬಡಿಯಲು ಏಳುತ್ತಾರೆ ಎಂಬುದನ್ನು ಕೇಳಿ ತಿಳಿದ ಮೇಲೆ ಚಿತ್ರದ ಮಾತೆತ್ತುವುದು ಮರ್ಯಾದೆಯ ದಾರಿ. ಆ ಮಾತುಕತೆಯ ನಂತರ ಬರುವ ಮುಖಭಾವ, ಅಚಾನಕ್ಕಾಗಿ ಕ್ಯಾಮೆರಾ ಕಂಡಾಗ ಬರುವ ಬಿಗುವಿನಿಂದ ಪೂರ್ತಿ ಬೇರೆಯಾಗಿರುತ್ತದೆ.

ಇಳಕಲ್: ದುಡಿಮೆಯ ಜೊತೆಗಿನ ಮುಖ

ವಚನಕಾರರಾದ ಶರಣರಲ್ಲಿ ಅನೇಕರನ್ನು ಕನ್ನಡ ಜನ ಇಂದಿಗೂ ನೆನೆಯುವುದು ಅವರ ಕಾಯಕದ ಹೆಸರಿನೊಂದಿಗೆ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನೇಕಾರರಾದ ಜೇಡರ ದಾಸಿಮಯ್ಯ. ದುಡಿಮೆಯನ್ನು ವ್ಯಕ್ತಿತ್ವದಿಂದ ಬೇರೆ ಮಾಡದ ಈ ದೃಷ್ಟಿಗೆ ಛಾಯಾಗ್ರಹಣದಲ್ಲಿಯೂ ಒಂದು ಜೊತೆಯಿದೆ. ವ್ಯಕ್ತಿಯನ್ನು ಅವರ ಕೆಲಸದ ಜಾಗದಲ್ಲಿ, ಅವರ ಸಲಕರಣೆಗಳ ನಡುವೆ ತೋರಿಸುವ ಈ ಬಗೆಯನ್ನು ಪರಿಸರ ಭಾವಚಿತ್ರವೆನ್ನುತ್ತಾರೆ. ಜರ್ಮನಿಯ ಆಗಸ್ಟ್ ಸ್ಯಾಂಡರ್ ಅವರು ರೈತರು, ಕುಶಲಕರ್ಮಿಗಳು, ವ್ಯಾಪಾರಿಗಳು, ಕಲಾವಿದರು ಹೀಗೆ ತಮ್ಮ ನಾಡಿನ ಎಲ್ಲ ವೃತ್ತಿಗಳವರನ್ನೂ ಸಮಾನ ಗೌರವದಿಂದ ಚಿತ್ರಿಸಿ 1929ರಲ್ಲಿ ಅವುಗಳಲ್ಲಿ 60 ಚಿತ್ರಗಳ ಪುಸ್ತಕವನ್ನು ಹೊರತಂದರು. ಯಾರನ್ನೂ ಮೇಲು ಕೀಳೆನ್ನದ ಆ ನೋಟ ನಾಜಿ ಆಡಳಿತಕ್ಕೆ ಹಿಡಿಸದೆ 1936ರಲ್ಲಿ ಆ ಪುಸ್ತಕದ ಅಚ್ಚುಫಲಕಗಳನ್ನು ನಾಶಪಡಿಸಲಾಯಿತು.

ಇಳಕಲ್ಲಿನ ಕುಣಿ ಮಗ್ಗದ ಮನೆ ಪರಿಸರ ಭಾವಚಿತ್ರಕ್ಕೆ ಸೂಕ್ತವಾದ ಜಾಗ. ಇಲ್ಲಿನ ಸೀರೆಯ ವಿಶೇಷವೆಂದರೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಇದ್ದು, ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸಿದ ಮೇಲೆ ನೇಯ್ಗೆ ಸಾಗುತ್ತದೆ. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ತೆನೆಗಳ ಸಾಲು ಮೂಡುತ್ತದೆ, ಅಂಚಿನಲ್ಲಿ ಗೋಮಿ, ಗಾಯತ್ರಿ ಮೊದಲಾದ ದಡಿಗಳು ಬರುತ್ತವೆ. ಈ ಕ್ರಮವನ್ನು ತಿಳಿದವರಿಗೆ ಯಾವ ಗಳಿಗೆಗೆ ಕಾಯಬೇಕೆಂಬುದೂ ತಿಳಿಯುತ್ತದೆ: ಲಾಳಿ ಓಡುವಾಗ ನೇಕಾರರ ಮುಖ ಲಯಕ್ಕೆ ಹೊಂದಿಕೊಂಡು ಸಡಿಲವಾಗಿರುತ್ತದೆ, ಕೊಂಡಿ ಹಾಕುವಾಗ ಹುಬ್ಬು ಬಿಗಿದು ದೃಷ್ಟಿ ಬೆರಳ ತುದಿಯಲ್ಲಿ ನೆಲೆಗೊಳ್ಳುತ್ತದೆ. ಕುಣಿಯೊಳಗೆ ಕಾಲಿಳಿಸಿ ನೆಲದ ಮಟ್ಟದಲ್ಲಿ ಕುಳಿತವರನ್ನು ನಿಂತುಕೊಂಡು ಮೇಲಿನಿಂದ ತೆಗೆದರೆ ಅವರು ಕುಗ್ಗಿದಂತೆ ಕಾಣುತ್ತಾರೆ. ಛಾಯಾಗ್ರಾಹಕರೂ ನೆಲಕ್ಕೆ ಕುಳಿತು ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ತಂದಾಗ ಮಾತ್ರ ಸಮಾನರ ನಡುವಿನ ನೋಟ ಸಾಧ್ಯವಾಗುತ್ತದೆ.

ಮಗ್ಗದ ಕೋಣೆಗೆ ಬೆಳಕು ಬರುವುದು ಸಾಮಾನ್ಯವಾಗಿ ಬಾಗಿಲಿನಿಂದಲೋ ಒಂದು ಕಿಟಕಿಯಿಂದಲೋ ಆದ್ದರಿಂದ ಮುಖದ ಒಂದು ಪಕ್ಕ ಬೆಳಗಿ ಇನ್ನೊಂದು ನೆರಳಿನಲ್ಲಿ ಉಳಿಯುತ್ತದೆ. ನೇಕಾರರು ಬಟ್ಟೆಯ ಮೇಲೆ ಬಾಗಿರುವುದರಿಂದ ಆ ನೆರಳನ್ನು ತುಂಬುವುದು ಮಗ್ಗದ ಮೇಲಿನ ಸೀರೆಯೇ: ತಿಳಿಬಣ್ಣದ ಒಡಲು ಹಾಸಿದ್ದರೆ ಅದು ಬೆಳಕನ್ನು ಗದ್ದದ ಕೆಳಗೆ ಹಿಂದಿರುಗಿಸುತ್ತದೆ, ಕಪ್ಪು ಒಡಲಿದ್ದರೆ ಬೆಳಕನ್ನು ಹೀರಿಕೊಳ್ಳುತ್ತದೆ, ಸೆರಗು ನೇಯುತ್ತಿದ್ದರೆ ಗದ್ದ ಮತ್ತು ಕೆನ್ನೆಗಳಿಗೆ ತೆಳುವಾದ ಕೆಂಪು ಛಾಯೆಯನ್ನು ಬಳಿಯುತ್ತದೆ. ಶಟರ್ ವೇಗ, ಅಂದರೆ ಬೆಳಕು ಒಳಗೆ ಬರಲು ಕ್ಯಾಮೆರಾ ತೆರೆದಿರುವ ಅವಧಿ, ಸೆಕೆಂಡಿನ 250ರಲ್ಲಿ ಒಂದು ಭಾಗದಷ್ಟಿದ್ದರೆ ಕೈಯ ಚಲನೆ ಬಹುಮಟ್ಟಿಗೆ ನಿಂತಂತೆ ಕಾಣುತ್ತದೆ. 30ರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಮುಖ ಸ್ಥಿರವಾಗಿ ಉಳಿದು ಕೈ ಮಸುಕಾಗುತ್ತದೆ, ದುಡಿಮೆಯ ವೇಗ ಚಿತ್ರದಲ್ಲಿ ಗೋಚರಿಸುತ್ತದೆ. ಮಸೂರದ ಆಯ್ಕೆಗೂ ಇದೇ ವಿವೇಚನೆ ಬೇಕು. 35 ಮಿಲಿಮೀಟರ್ ಮಸೂರ ಮಗ್ಗವನ್ನೂ ನೇಕಾರರನ್ನೂ ಒಟ್ಟಿಗೆ ಹಿಡಿದರೆ, 85 ಮಿಲಿಮೀಟರ್ ಮಸೂರ ಮುಖವನ್ನು ಮಾತ್ರ ಅದರ ಸಹಜ ಪ್ರಮಾಣದಲ್ಲಿ ತೋರಿಸುತ್ತದೆ. ಮೊಬೈಲ್ ಫೋನಿನ ಮುಖ್ಯ ಮಸೂರ ಅಗಲವಾದ ನೋಟದ್ದಾಗಿರುವುದರಿಂದ ತೀರ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಎರಡರಷ್ಟು ಜೂಮ್ ಬಳಸಿದರೆ ಆ ದೋಷ ಬಹುಮಟ್ಟಿಗೆ ತಪ್ಪುತ್ತದೆ.

ಕೂಡಲಸಂಗಮ: ಒಪ್ಪಿಗೆಯ ಶಿಸ್ತು

ಕೃಷ್ಣೆ ಮತ್ತು ಮಲಪ್ರಭೆ ಕೂಡುವ, ಬಸವಣ್ಣನವರ ಐಕ್ಯಮಂಟಪವಿರುವ ಕೂಡಲಸಂಗಮದಲ್ಲಿ ಕಲಿಯಬೇಕಾದದ್ದು ತಂತ್ರಕ್ಕಿಂತ ಮಿಗಿಲಾಗಿ ನಡವಳಿಕೆಯನ್ನು. ಇಲ್ಲಿಗೆ ಬರುವವರು ಭಕ್ತರಾಗಿ ಬಂದಿರುತ್ತಾರೆ. ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪೂಜೆಯಲ್ಲಿ ತೊಡಗಿದವರಾಗಲಿ, ಹೊಳೆಯಲ್ಲಿ ಸ್ನಾನ ಮಾಡುತ್ತಿರುವವರಾಗಲಿ ಕ್ಯಾಮೆರಾಕ್ಕೆ ಸಿಕ್ಕುವ ದೃಶ್ಯಗಳಲ್ಲ. ಪೂಜೆ ಮುಗಿಯುವವರೆಗೆ ಕಾದು, ‘ಶರಣು ಶರಣಾರ್ಥಿ’ ಎಂದು ವಂದಿಸಿ, ‘ಅಜ್ಜಾರ, ನಿಮ್ದೊಂದು ಫೋಟೋ ತಗೀಲೇನ್ರಿ?’ ಎಂದು ಕೇಳುವವರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ‘ಯಾವೂರ್ರಿ?’ ಎಂಬ ಮರುಪ್ರಶ್ನೆ. ಆ ಪ್ರಶ್ನೆಗೆ ಸಾವಕಾಶವಾಗಿ ಉತ್ತರಿಸುವುದು ಚಿತ್ರದ ಮುನ್ನುಡಿಯಲ್ಲ, ಚಿತ್ರದ ಭಾಗವೇ, ಏಕೆಂದರೆ ತನ್ನನ್ನು ನೋಡುತ್ತಿರುವವರು ಯಾರೆಂದು ತಿಳಿದ ಮೇಲೆಯೇ ಮನುಷ್ಯ ತನ್ನನ್ನು ನೋಡಗೊಡುತ್ತಾನೆ. ಬೇಡವೆಂದವರನ್ನು ಒತ್ತಾಯಿಸದಿರುವುದು, ಮಕ್ಕಳ ಚಿತ್ರಕ್ಕೆ ತಂದೆತಾಯಿಯರ ಒಪ್ಪಿಗೆ ಪಡೆಯುವುದು, ಚಿತ್ರವನ್ನು ಎಲ್ಲಿ ಬಳಸಲಾಗುವುದೆಂದು ಮೊದಲೇ ತಿಳಿಸುವುದು ಈ ಶಿಸ್ತಿಗೆ ಸೇರಿವೆ. ತಾಂತ್ರಿಕವಾಗಿಯೂ ಇಲ್ಲಿ ಎಚ್ಚರ ಬೇಕು: ಹಣೆಯ ಮೇಲಿನ ವಿಭೂತಿಯ ಮೂರು ಎಳೆಗಳು ಬೆಳಗಿನ ಬಿಸಿಲಿನಲ್ಲಿ ಬಹು ಬೇಗ ಬರಿಯ ಬಿಳಿಯ ಪಟ್ಟಿಯಾಗಿಬಿಡುವುದರಿಂದ, ಬೂದಿಯ ತರಿ ಮತ್ತು ಬೆರಳ ಗುರುತು ಕಾಣುವಷ್ಟು ಬೆಳಕನ್ನು ತಗ್ಗಿಸಬೇಕಾಗುತ್ತದೆ.

ಚಿತ್ರಕ್ಕೆ ನಿಲ್ಲುವವರಿಗೂ ತಮ್ಮದೇ ಆದ ಸೌಂದರ್ಯಪ್ರಜ್ಞೆಯಿರುತ್ತದೆ ಎಂಬುದನ್ನು ಕಲಿಯುವವರು ಬೇಗನೆ ಮನಗಾಣಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಬಣ್ಣದ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುವ ಅಂಗಡಿಗಳು ಬಹುಕಾಲ ನಡೆದುಬಂದಿವೆ; ಅಲ್ಲಿ ಜನ ಮೈಯೆಲ್ಲ ಕಾಣುವಂತೆ, ನೇರವಾಗಿ ನಿಂತು, ಸೆರಗು ಸರಿಪಡಿಸಿಕೊಂಡು, ನಗದೆ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದರು. ನಗರದ ಛಾಯಾಗ್ರಾಹಕರು ಇದನ್ನು ಬಿಗುವೆಂದು ಭಾವಿಸಿ ಸಹಜ ಭಂಗಿಗಾಗಿ ಹಟ ಹಿಡಿಯುತ್ತಾರೆ; ಆದರೆ ಮನೆಯ ಗೋಡೆಯ ಮೇಲೆ ಉಳಿಯಬೇಕಾದ ಚಿತ್ರದಲ್ಲಿ ಗಂಭೀರವಾಗಿ ಕಾಣಬೇಕೆಂಬುದು ಅವರ ವಿಚಾರಪೂರ್ವಕವಾದ ಆಯ್ಕೆ. ಮೊದಲು ಅವರು ಬಯಸಿದಂತೆ ಒಂದು ಚಿತ್ರ, ಆಮೇಲೆ ಛಾಯಾಗ್ರಾಹಕರು ಕಂಡಂತೆ ಇನ್ನೊಂದು ಎಂಬ ಕ್ರಮ ಇಬ್ಬರಿಗೂ ನ್ಯಾಯ ಒದಗಿಸುತ್ತದೆ.

ಹೆಸರಿರುವ ಚಿತ್ರಗಳು

ಜಗತ್ತಿನ ಅತಿ ಪ್ರಸಿದ್ಧ ಭಾವಚಿತ್ರಗಳಲ್ಲೊಂದಾದ ಆಫ್ಘನ್ ಬಾಲಕಿಯ ಚಿತ್ರವನ್ನು ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದರು. 1985ರಲ್ಲಿ ಅದು ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟವಾಯಿತು. ಕೋಟ್ಯಂತರ ಜನ ನೋಡಿದ ಆ ಮುಖದ ಒಡತಿಯ ಹೆಸರು ಶರ್ಬತ್ ಗುಲಾ ಎಂಬುದು ಜಗತ್ತಿಗೆ ತಿಳಿದದ್ದು 2002ರಲ್ಲಿ. ಇದಕ್ಕೆದುರಾಗಿ, ಮೈಸೂರಿನವರಾದ ಟಿ.ಎಸ್. ಸತ್ಯನ್ (1923–2009) ಸಿಡುಬು ನಿರ್ಮೂಲನ ಕಾರ್ಯದ ದಾಖಲಾತಿಯಂಥ ದೊಡ್ಡ ಕೆಲಸಗಳ ನಡುವೆಯೂ ಜನಸಾಮಾನ್ಯರ ದಿನನಿತ್ಯದ ಬದುಕನ್ನು ಅವರ ಜೊತೆಗಿದ್ದು ಚಿತ್ರಿಸಿದ ರೀತಿ ಕನ್ನಡದ ಕಲಿಕೆಗಾರರಿಗೆ ಹತ್ತಿರದ ಮಾದರಿ.

ಬಾಗಲಕೋಟೆ ಜಿಲ್ಲೆಯಲ್ಲಿ ಇಂಥ ಚಿತ್ರಗಳ ಬೆಲೆ ಇನ್ನೂ ಹೆಚ್ಚು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಮುಳುಗಿ ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡಾಗ, ಮನೆ ಕಟ್ಟೆಗಳ ಮುಂದೆ ನಿಂತು ತೆಗೆಸಿಕೊಂಡ ಕುಟುಂಬದ ಫೋಟೋಗಳು ಹಳೆಯ ಊರಿಗೆ ಉಳಿದ ಸಾಕ್ಷಿಗಳಾದವು. ಕೈಮಗ್ಗಗಳ ಜಾಗವನ್ನು ವಿದ್ಯುತ್ ಮಗ್ಗಗಳು ಆಕ್ರಮಿಸುತ್ತಿರುವ ಇಳಕಲ್ಲಿನಲ್ಲಿಯೂ ಕುಣಿ ಮಗ್ಗದ ಮುಂದೆ ಕುಳಿತವರ ಇಂದಿನ ಚಿತ್ರ ನಾಳೆಯ ಚರಿತ್ರೆಯಾಗಲಿದೆ. ಆದ್ದರಿಂದ ಈ ದಾರಿಯಲ್ಲಿ ಭಾವಚಿತ್ರ ಕಲಿಯುವವರು ಚಿತ್ರದಲ್ಲಿರುವವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ಕಾಯಕ ಮತ್ತು ದಿನಾಂಕವನ್ನು ಅಂದೇ ಬರೆದಿಡಬೇಕು. ಮೊಬೈಲಿಗೆ ಕಳಿಸಿ ಮರೆಯದೆ, ಅಚ್ಚು ಹಾಕಿಸಿದ ಪ್ರತಿಯೊಂದನ್ನು ಅಂಚೆಯಲ್ಲಾದರೂ ಅವರಿಗೆ ತಲುಪಿಸಬೇಕು. ಸಾಧ್ಯವಾದರೆ ಊರಿನ ಗ್ರಂಥಾಲಯದಲ್ಲಿಯೂ ಒಂದು ಪ್ರತಿಯನ್ನಿರಿಸಬೇಕು. ಬೆಳಕು, ಮಸೂರ, ಶಟರ್‌ಗಳ ವಿದ್ಯೆಯನ್ನು ಎಲ್ಲಿಯಾದರೂ ಕಲಿಯಬಹುದು. ತೆಗೆದ ಚಿತ್ರಕ್ಕೆ ಅದರಲ್ಲಿರುವವರೂ ಹಕ್ಕುದಾರರೆಂದು ಒಪ್ಪಿ ನಡೆಯುವುದನ್ನು ಮಾತ್ರ ಜನರ ನಡುವೆಯೇ ಕಲಿಯಬೇಕು. ಅದನ್ನು ಕಲಿತವರನ್ನು ಅದೇ ಮನೆಗಳು ಮತ್ತೊಮ್ಮೆ ಬನ್ನಿರೆಂದು ಕರೆಯುತ್ತವೆ, ಎರಡನೆಯ ಭೇಟಿಯಲ್ಲಿ ತೆಗೆದ ಚಿತ್ರ ಮೊದಲನೆಯದಕ್ಕಿಂತ ಸತ್ಯಕ್ಕೆ ಹತ್ತಿರವಾಗಿರುತ್ತದೆ.