ವಿಶ್ಲೇಷಣಾತ್ಮಕ ರಸಾಯನಶಾಸ್ತ್ರದ ಪ್ರಾಯೋಗಿಕ ಕಲಿಕೆ

ವಿಶ್ಲೇಷಣಾತ್ಮಕ ರಸಾಯನಶಾಸ್ತ್ರದ ಪ್ರಾಯೋಗಿಕ ಕಲಿಕೆಯು ವಸ್ತುವಿನಲ್ಲಿರುವ ಘಟಕಗಳನ್ನು ಗುರುತಿಸುವ ಹಾಗೂ ಅವುಗಳ ಪ್ರಮಾಣವನ್ನು ಅಳೆಯುವ ವಿಧಾನಗಳನ್ನು ವಿದ್ಯಾರ್ಥಿಯು ಪ್ರಯೋಗಾಲಯದಲ್ಲಿ ಸ್ವತಃ ಮಾಡಿ ಕಲಿಯುವ ಕ್ರಮವಾಗಿದೆ. ತೂಕ ಮಾಡುವುದು, ದ್ರಾವಣ ತಯಾರಿಸುವುದು, ಅನುಮಾಪನ ಮತ್ತು ದೋಷಗಳ ಲೆಕ್ಕಾಚಾರ ಇದರ ಮುಖ್ಯ ಭಾಗಗಳು.

== ಸ್ಥಳೀಯ ಹಿನ್ನೆಲೆ ==
ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಇದಕ್ಕೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಆವರಣವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಅದಿರಿನಲ್ಲಿರುವ ಕಬ್ಬಿಣದ ಅಳತೆಯು ಉಕ್ಕಿನ ಉದ್ಯಮಕ್ಕೂ ರಸಾಯನಶಾಸ್ತ್ರದ ತರಗತಿಗೂ ಸಮಾನವಾದ ವಿಷಯವಾಗಿದೆ.

== ಅದಿರಿನ ವಿಶ್ಲೇಷಣೆ ==
ಹೆಮಟೈಟ್ ಅದಿರಿನಲ್ಲಿರುವ ಕಬ್ಬಿಣವನ್ನು ಡೈಕ್ರೋಮೇಟ್ ವಿಧಾನದಿಂದ ಅಳೆಯುವುದು ಪದವಿ ಮಟ್ಟದ ಪರಿಚಿತ ಪ್ರಯೋಗ. ನುಣ್ಣಗೆ ಪುಡಿ ಮಾಡಿದ ಅದಿರನ್ನು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಲಾಗುತ್ತದೆ. ಬಿಸಿ ದ್ರಾವಣದ ಹಳದಿ ಬಣ್ಣ ಮಾಯವಾಗುವವರೆಗೆ ಸ್ಟ್ಯಾನಸ್ ಕ್ಲೋರೈಡನ್ನು ಹನಿ ಹನಿಯಾಗಿ ಸೇರಿಸಿ ಫೆರಿಕ್ ಕಬ್ಬಿಣವನ್ನು ಫೆರಸ್ ರೂಪಕ್ಕೆ ತರಲಾಗುತ್ತದೆ. ದ್ರಾವಣವನ್ನು ತಣಿಸಿ ಮರ್ಕ್ಯುರಿಕ್ ಕ್ಲೋರೈಡ್ ಹಾಕಿದಾಗ ರೇಷ್ಮೆಯಂಥ ಬಿಳಿ ಒತ್ತರ ಕಾಣಿಸಿಕೊಳ್ಳಬೇಕು. ಒತ್ತರವು ಬೂದುಬಣ್ಣಕ್ಕೆ ತಿರುಗಿದರೆ ಸ್ಟ್ಯಾನಸ್ ಕ್ಲೋರೈಡ್ ಹೆಚ್ಚಾಗಿದೆಯೆಂದು ಅರ್ಥ. ಅಂಥ ದ್ರಾವಣವನ್ನು ಬಳಸದೆ ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ನಂತರ ಫಾಸ್ಫಾರಿಕ್ ಆಮ್ಲ ಮತ್ತು ಡೈಫೀನೈಲಮೀನ್ ವರ್ಗದ ಸೂಚಕವನ್ನು ಸೇರಿಸಿ, ಪೊಟ್ಯಾಸಿಯಂ ಡೈಕ್ರೋಮೇಟ್‌ನೊಂದಿಗೆ ಅನುಮಾಪನ ಮಾಡಲಾಗುತ್ತದೆ. ಹಸಿರು ದ್ರಾವಣವು ನೀಲಿ-ನೇರಳೆಗೆ ತಿರುಗುವುದು ಅಂತಿಮ ಬಿಂದು.

== ಒಂದು ಹನಿಯ ಬೆಲೆ ==
0.1 ನಾರ್ಮಲ್ ಡೈಕ್ರೋಮೇಟ್‌ನ 1 ಮಿ.ಲೀ., 5.585 ಮಿ.ಗ್ರಾಂ ಕಬ್ಬಿಣಕ್ಕೆ ಸಮ. 0.2 ಗ್ರಾಂ ಅದಿರಿಗೆ 21.5 ಮಿ.ಲೀ. ಬೇಕಾದರೆ ಅದರಲ್ಲಿ ಸುಮಾರು 60% ಕಬ್ಬಿಣವಿದೆ. ಸುಮಾರು 0.05 ಮಿ.ಲೀ.ಯ ಒಂದು ಹನಿ ಹೆಚ್ಚು ಬಿದ್ದರೆ ಫಲಿತಾಂಶವು 0.14ರಷ್ಟು ಶೇಕಡಾಂಶ ಏರುತ್ತದೆ. 1,000 ಟನ್ ಅದಿರಿನ ಲೆಕ್ಕದಲ್ಲಿ ಇದು 1.4 ಟನ್ ಕಬ್ಬಿಣದ ವ್ಯತ್ಯಾಸ. ಆದ್ದರಿಂದ ಪ್ರಯೋಗವನ್ನು ಪುನರಾವರ್ತಿಸಿ, ಪರಸ್ಪರ ಹೊಂದುವ ಅಳತೆಗಳನ್ನು ಪಡೆಯಬೇಕು. ನಿರೀಕ್ಷಿತ ಉತ್ತರಕ್ಕೆ ಹೊಂದುವಂತೆ ಅಂಕಿಗಳನ್ನು ತಿದ್ದಿದರೆ ದೋಷದ ಮೂಲವೇ ಮರೆಯಾಗುತ್ತದೆ.

== ಸುರಕ್ಷತೆ ==
ಪಾದರಸದ ಲವಣಗಳು ವಿಷಕಾರಿ, ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಇವುಗಳ ತ್ಯಾಜ್ಯವನ್ನು ಸಿಂಕಿಗೆ ಸುರಿಯದೆ ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಪಿಪೆಟ್‌ಗೆ ದ್ರಾವಣವನ್ನು ಬಾಯಿಯಿಂದ ಎಳೆಯಬಾರದು. ಪಾದರಸವನ್ನು ತಪ್ಪಿಸಲು ಟೈಟಾನಿಯಂ ಕ್ಲೋರೈಡ್ ಬಳಸುವ ಪರ್ಯಾಯ ವಿಧಾನಗಳೂ ಇವೆ.