ಹಳೆಯ ಕೈಗಡಿಯಾರಕ್ಕೆ ಹೊಸ ಮುಖವೇ?

ಮೊನ್ನೆ ನಮ್ಮ ಮಿತ್ರರೊಬ್ಬರು ಕಾರ್ಯಾಲಯಕ್ಕೆ ಬಂದು ತಮ್ಮ ದಿವಂಗತ ತಂದೆಯವರ ಎಚ್.ಎಂ.ಟಿ. 'ಜನತಾ' ಕೈಗಡಿಯಾರವನ್ನು ನಮ್ಮ ಮೇಜಿನ ಮೇಲಿಟ್ಟರು. ಡಯಲು ಹಳದಿಗಟ್ಟಿದೆ, ಕೀಲಿ ಕೊಡುವ ತಿರುಪಿನ ಬಳಿಯಿಂದ ಕಂದು ಕಲೆಯೊಂದು ಒಳಕ್ಕೆ ಹಬ್ಬಿದೆ. ಅದಕ್ಕೆ ಹೊಸ ಬಣ್ಣ ಹಾಕಿಸಿ, ವಿವಾಹದ ದಿನ ಮಗನ ಕೈಗೆ ಕಟ್ಟಬೇಕೆಂಬುದು ಅವರ ಅಭಿಲಾಷೆ. ನಾವು ಬೇಡವೆಂದೆವು. "ನಮ್ಮ ತಂದೆಯವರು ಮಾಸಿದ ಅಂಗಿ ತೊಟ್ಟು ಎಂದೂ ಕಚೇರಿಗೆ ಹೋದವರಲ್ಲ, ಸ್ವಾಮಿ" ಎಂದು ಅವರು ಅಸಮಾಧಾನಪಟ್ಟರು. ಮಾತು ಯೋಗ್ಯವಾದುದೇ. ಆದರೆ ಅಂಗಿಯನ್ನು ಒಗೆಯುವುದು ಬೇರೆ, ಡಯಲಿಗೆ ಮರುಬಣ್ಣ ಹಾಕಿಸುವುದು ಬೇರೆ.

ಮರುಬಣ್ಣವೆಂದರೆ ಹಿತ್ತಾಳೆಯ ಬಿಲ್ಲೆಯ ಮೇಲಿನ ಮೂಲ ಲೇಪನವನ್ನೂ ಅಕ್ಷರಗಳನ್ನೂ ಉಜ್ಜಿ ತೆಗೆದು, ಬರಿಯ ಲೋಹದ ಮೇಲೆ ಪುನಃ ಅಚ್ಚೊತ್ತುವುದು. ಹೋದದ್ದು ಮರಳಿ ಬಾರದು. ಈ ತಪ್ಪನ್ನು ನಾವೇ ಒಮ್ಮೆ ಮಾಡಿದ್ದುಂಟು. ನಮ್ಮ ಸೋದರಮಾವನವರ ಸ್ವಿಸ್ ಗಡಿಯಾರವು ಥಳಥಳಿಸುತ್ತ ಮರಳಿತು, ನಿಜ. ಆದರೆ ಅಕ್ಷರಗಳು ದಪ್ಪಗಾಗಿದ್ದವು, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಹೊಂದುತ್ತಿರಲಿಲ್ಲ, ಆರರ ಕೆಳಗೆ 'ಸ್ವಿಸ್' ಎಂಬುದರ ಇಕ್ಕೆಲಗಳಲ್ಲಿದ್ದ 'ಟಿ' ಎಂಬ ಸಣ್ಣ ಅಕ್ಷರಗಳು ಮಾಯವಾಗಿದ್ದವು. ಕತ್ತಲೆಯಲ್ಲಿ ಹೊಳೆಯುವ ಲೇಪನದಲ್ಲಿ ಟ್ರಿಟಿಯಮ್ ಇದೆಯೆಂಬುದಕ್ಕೆ ಅವು ಗುರುತೆಂದು ನಮಗೆ ತಿಳಿದದ್ದು ಅನಂತರ. ಶಾಸನದ ಮೇಲೆ ಸುಣ್ಣ ಬಳಿದು ಗುಡಿಯ ಜೀರ್ಣೋದ್ಧಾರವಾಯಿತೆಂದು ಹಿಗ್ಗುವವರಿಗೂ ನಮಗೂ ಏನು ಭೇದ?

ಎಚ್.ಎಂ.ಟಿ.ಯ ವಿಷಯದಲ್ಲಿ ಇನ್ನೊಂದು ಮಾತುಂಟು. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ೧೯೬೧ರಲ್ಲಿ ಇದರ ಗಡಿಯಾರದ ಕಾರ್ಖಾನೆ ಸ್ಥಾಪಿತವಾದದ್ದು ನಮ್ಮ ಬೆಂಗಳೂರಿನಲ್ಲಿ. ೨೦೧೬ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. ಈಗ ಹಳೆಯವೆಂದು ಪೇಟೆಯಲ್ಲಿ ಮಾರುವವುಗಳಲ್ಲಿ, ಕಾರ್ಖಾನೆಯವರು ಎಂದೂ ಹಚ್ಚದ ಬಣ್ಣಗಳ ಡಯಲುಗಳು ಬೇಕಾದಷ್ಟಿವೆ. ನಮ್ಮವರ ಕೈಕೆಲಸ ಹೇಗಿತ್ತೆಂದು ತಿಳಿಯಬೇಕಾದರೆ ಮಾಸಿದ ಮೂಲ ಡಯಲೇ ಸಾಕ್ಷಿ.

ಹಾಗೆಂದು ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಬೇಕೆಂದು ನಾವು ಹೇಳುವುದಿಲ್ಲ. ಯಂತ್ರವನ್ನು ಬಿಚ್ಚಿಸಿ, ತೊಳೆಸಿ, ಎಣ್ಣೆ ಬಿಡಿಸಬೇಕು. ತಿರುಪು ಸವೆದು ತೇವ ನುಗ್ಗುತ್ತಿದ್ದರೆ ಅದನ್ನು ಬದಲಾಯಿಸಬೇಕು. ಇಲ್ಲವಾದರೆ ಕಲೆ ಬೆಳೆಯುತ್ತದೆ. ಗೀರು ಬಿದ್ದ ಗಾಜನ್ನೂ ತೆಗೆಸಬಹುದು. ಡಯಲು ಕೆಟ್ಟಿತೆಂದು ನಾವು ಬಗೆದಿದ್ದರಲ್ಲಿ ಎಷ್ಟೋ ಪಾಲು ಗಾಜಿನ ದೋಷವೇ ಆಗಿರುತ್ತದೆ. ಗಂಟೆ ಓದಲಾರದಷ್ಟು ಡಯಲು ಕೆಟ್ಟಿದ್ದರೆ ಬೇರೊಂದನ್ನು ಜೋಡಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳುವುದು ಮೇಲು. ಬಹಳ ಹಳೆಯ ವಿದೇಶೀ ಗಡಿಯಾರವಾದರೆ ಎಚ್ಚರಿಕೆ ಬೇಕು: ಅದರ ಅಂಕೆಗಳಿಗೆ ರೇಡಿಯಮ್ ಹಚ್ಚಿರಬಹುದು. ಹೊಳಪು ಆರಿದ್ದರೂ ಅದರ ವಿಕಿರಣ ಆರಿರುವುದಿಲ್ಲ. ಅರ್ಧಕ್ಕಿಳಿಯಲು ಸುಮಾರು ೧೬೦೦ ವರ್ಷ ಬೇಕು. ಮನೆಯಲ್ಲಿ ಚಾಕುವಿನಿಂದ ಅದನ್ನು ಕೆರೆಯತಕ್ಕದ್ದಲ್ಲ.

ಮಿತ್ರರ ಗಡಿಯಾರದಲ್ಲಿ ಗಂಟೆ ನಿಮಿಷಗಳು ಸ್ಪಷ್ಟವಾಗಿಯೇ ಕಾಣುತ್ತವೆ. ಆ ಕಲೆಯಾದರೋ, ಅವರ ತಂದೆಯವರು ಬಿಸಿಲಿನಲ್ಲಿ ಕಚೇರಿಗೆ ನಡೆದ ಬೆವರಿನದೇ ಇರಬೇಕು. ಇದನ್ನು ಹೇಳಿದಾಗ ಅವರು ಉತ್ತರ ಕೊಡದೆ, ಕೀಲಿ ಕೊಟ್ಟು, ಕಿವಿಯ ಬಳಿ ಹಿಡಿದು ನೋಡಿ, ಜೇಬಿಗಿಳಿಸಿ ಹೊರಟರು. ಲಗ್ನಕ್ಕೆ ಇನ್ನೂ ಇಪ್ಪತ್ತು ದಿನಗಳಿವೆ.